ಮಲ್ಲಿಗೆ ಹಾಕಬೇಕು, ಆದರೆ ಯಾವ ಮಲ್ಲಿಗೆ?

ಈ ಬೇಸಿಗೆಯಲ್ಲಿ ನಾಲ್ಕು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಚಿಕ್ಕಮ್ಮನ ಮಗಳು, ಮೈಸೂರಲ್ಲಿ ನಮ್ಮ ಬೀದಿಯಲ್ಲೇ ಹೊಸದಾಗಿ ಮನೆ ಕಟ್ಟಿಸಿದ ಮೇಷ್ಟ್ರು, ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿರುವ ಗೆಳತಿ, ಮತ್ತೆ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು. ಮನೆಯಲ್ಲಿ ಒಂದು ಮಲ್ಲಿಗೆ ಗಿಡ ಹಾಕಬೇಕು, ನರ್ಸರಿಯಲ್ಲಿ ನೋಡಿದರೆ ದುಂಡು ಮಲ್ಲಿಗೆ, ಸೂಜಿ ಮಲ್ಲಿಗೆ, ಕಾಕಡ, ಜಾಜಿ, ಉಡುಪಿ ಮಲ್ಲಿಗೆ ಅಂತ ಸಾಲಾಗಿ ಇಟ್ಟಿದ್ದಾರೆ, ಯಾವುದು ತರಲಿ?

ನಾಲ್ಕು ಜನಕ್ಕೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಹಾಗೆ ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ ಈಗ ಐದು ಬಗೆಯ ಮಲ್ಲಿಗೆ ಇದೆ, ಅದರಲ್ಲಿ ಒಂದು ಗಿಡಕ್ಕೆ ಇಪ್ಪತ್ತು ವರ್ಷ ದಾಟಿದೆ. ಅತ್ತೆಯವರ ತವರು ಕಾಪು ಕಡೆ, ಹಾಗಾಗಿ ಉಡುಪಿ ಮಲ್ಲಿಗೆಯ ಆರೈಕೆಯನ್ನು ಅವರ ಕೈಯಿಂದಲೇ ಕಲಿತೆ.

ಎಲ್ಲರೂ ಮೊದಲು ಕೇಳುವುದು ಪರಿಮಳದ ಬಗ್ಗೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಕಾಕಡ ಒಂದನ್ನು ಬಿಟ್ಟರೆ ಇವೆಲ್ಲ ಘಮಘಮ ಅನ್ನುವ ಹೂಗಳೇ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ನಿಮ್ಮ ಮನೆಯಲ್ಲಿ ಮೊಗ್ಗು ಕೀಳುವವರು ಯಾರು, ಎಷ್ಟು ಹೊತ್ತಿಗೆ? ಮಲ್ಲಿಗೆ ದಾಸವಾಳದ ಹಾಗಲ್ಲ. ದಾಸವಾಳ ಅರಳಿ ದಿನವಿಡೀ ನಿಮಗಾಗಿ ಕಾಯುತ್ತದೆ. ಮಲ್ಲಿಗೆ ಮೊಗ್ಗಿಗೆ ಒಂದೇ ದಿನದ ಅವಕಾಶ. ಅವತ್ತು ಕಿತ್ತರೆ ಮುಡಿಗೆ, ಇಲ್ಲದಿದ್ದರೆ ರಾತ್ರಿ ಅರಳಿ ಮಾರನೇ ದಿನ ನೆಲಕ್ಕೆ. ಗಿಡ ಚೆನ್ನಾಗಿದೆ, ಹೂ ಬಿಡುತ್ತಿದೆ, ಆದರೂ ಮನೆಯಲ್ಲಿ ಯಾರೂ ಮುಡಿಯುತ್ತಿಲ್ಲ ಅನ್ನುವ ಎಷ್ಟೋ ಮನೆಗಳನ್ನು ನೋಡಿದ್ದೇನೆ. ಅಲ್ಲಿ ತಪ್ಪಿರುವುದು ಗಿಡದ ಆಯ್ಕೆ.

ಆರಿಸುವ ಮೊದಲು ನೋಡಬೇಕಾದದ್ದು

ಬಿಸಿಲು. ಇದರಲ್ಲಿ ರಾಜಿ ಮಾಡಿಕೊಳ್ಳುವ ಹಾಗಿಲ್ಲ. ಯಾವ ಮಲ್ಲಿಗೆಗಾದರೂ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಕಡಿಮೆಯಾದರೆ ಗಿಡ ಸಾಯುವುದಿಲ್ಲ, ಹಸಿರಾಗಿ ಉದ್ದುದ್ದ ಬೆಳೆಯುತ್ತದೆ, ಮೊಗ್ಗು ಮಾತ್ರ ಬರುವುದಿಲ್ಲ. ಒಂದು ರಜೆ ದಿನ ಕೂತು ನಿಮ್ಮ ಬಾಲ್ಕನಿಗೋ ಹಿತ್ತಲಿಗೋ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಅಂದಾಜಿನ ಮೇಲೆ ಹೋಗಬೇಡಿ.

ಮೊಗ್ಗು ಕೀಳುವ ಹೊತ್ತು. ಬೆಳಗ್ಗೆ ಪೂಜೆಗೆ ಹೂ ಬೇಕೋ, ಸಂಜೆ ಮುಡಿಯಲು ಬೇಕೋ ಅನ್ನುವುದರ ಮೇಲೆ ಗಿಡವೇ ಬದಲಾಗುತ್ತದೆ.

ಯಾವ ತಿಂಗಳಿಗೆ ಹೂ ಬೇಕು. ಯುಗಾದಿಗೆ ಹೂ ಕೊಡುವ ಗಿಡ ಸಂಕ್ರಾಂತಿಗೆ ಕೊಡುವುದಿಲ್ಲ. ಹೆಚ್ಚಿನವರಿಗೆ ಇದು ಗೊತ್ತಾಗುವುದು ಗಿಡ ತಂದು ವರ್ಷವಾದ ಮೇಲೆ.

ಆಮೇಲೆ ಜಾಗ ಮತ್ತು ಖರ್ಚು. ಗಿಡದ ಬೆಲೆಗೆ ಹೆದರಬೇಕಾಗಿಲ್ಲ. ನಮ್ಮ ಕಡೆ ನರ್ಸರಿಯಲ್ಲಿ ಸಾಮಾನ್ಯ ಮಲ್ಲಿಗೆ ಸಸಿ 50ರಿಂದ 100 ರೂಪಾಯಿಯೊಳಗೆ ಸಿಗುತ್ತದೆ, ಪಕ್ಕದ ಮನೆಯವರು ಕಡ್ಡಿ ಕೊಟ್ಟರೆ ಅದೂ ಬೇಡ. ದುಡ್ಡು ಹೋಗುವುದು ದೊಡ್ಡ ಕುಂಡ, ಮಣ್ಣು, ಜಾಜಿಗಾದರೆ ಚಪ್ಪರ, ಇವುಗಳಿಗೆ.

ದುಂಡು ಮಲ್ಲಿಗೆ

ಬರೀ ಮಲ್ಲಿಗೆ ಅಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಇದೇ. ಗಿಡದ ಪುಸ್ತಕಗಳಲ್ಲಿ ಜಾಸ್ಮಿನಂ ಸಾಂಬಾಕ್. ಇದೇ ಹೂವನ್ನು ಫಿಲಿಪೈನ್ಸ್‌ನವರು ಸಂಪಗೀಟ ಅನ್ನುತ್ತಾರೆ, ಅದು ಅವರ ರಾಷ್ಟ್ರೀಯ ಹೂ.

ಒಂದೇ ಆಯ್ಕೆಗೆ ಅವಕಾಶವಿದ್ದು ಮನೆಯಲ್ಲಿ ಬಿಸಿಲೂ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಪೊದೆಯಾಗಿ ಬೆಳೆಯುತ್ತದೆ, ಚಪ್ಪರ ಬೇಡ. ಸೊಂಟದೆತ್ತರಕ್ಕೆ ನಿಲ್ಲಿಸಿಕೊಂಡರೆ ನಿಂತಲ್ಲೇ ಮೊಗ್ಗು ಬಿಡಿಸಬಹುದು. ಮೊಗ್ಗು ದಪ್ಪ, ಕಟ್ಟಲು ಸುಲಭ. ಹೂ ಕಟ್ಟುವುದನ್ನು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹೂವಿಲ್ಲ. ನಾನು ಕಟ್ಟುವ ಒತ್ತಾದ ಕಟ್ಟಿಗೆ ಒಂದು ಮೊಳಕ್ಕೆ ನೂರಿಪ್ಪತ್ತರಿಂದ ನೂರೈವತ್ತು ಮೊಗ್ಗು ಬೇಕಾಗುತ್ತದೆ. ನೆಲದಲ್ಲಿ ಮೂರು ವರ್ಷ ಬೆಳೆದ ಒಂದು ಗಿಡ ಏಪ್ರಿಲ್-ಮೇ ತಿಂಗಳಲ್ಲಿ ಕೆಲವು ದಿನ ಇಷ್ಟನ್ನು ಒಂಟಿಯಾಗೇ ಕೊಡುತ್ತದೆ, ಉಳಿದ ದಿನ ಅರ್ಧವೋ ಕಾಲೋ.

ಹೂವಿನ ಕಾಲ ಫೆಬ್ರವರಿ ಕೊನೆಯಿಂದ ಜೂನ್‌ವರೆಗೆ. ಮಳೆ ಹಿಡಿದ ಮೇಲೆ ಇಳಿಯುತ್ತದೆ, ಚಳಿಗಾಲದಲ್ಲಿ ಹೆಚ್ಚುಕಡಿಮೆ ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯದೇ ಹೂವಿರಲಿ ಅನ್ನುವ ಆಸೆ ಇದ್ದರೆ ದುಂಡು ಮಲ್ಲಿಗೆಯನ್ನು ನೆಚ್ಚಿ ಕೂರಬೇಡಿ. ಆ ಹೊತ್ತಿಗೆ ಗಿಡದಲ್ಲಿ ನಾಲ್ಕು ಮೊಗ್ಗು ಕಂಡರೆ ಹೆಚ್ಚು.

ಮೊಗ್ಗು ಬೆಳಗಿನ ಹೊತ್ತಿಗೆ ಬಲಿತು ಬೆಳ್ಳಗಾಗಿರುತ್ತದೆ, ಅರಳುವುದು ಸಂಜೆ. ಅಂದರೆ ಬೆಳಗ್ಗೆ ಆರರಿಂದ ಮಧ್ಯಾಹ್ನ ನಾಲ್ಕರವರೆಗೆ ನಿಮಗೆ ಸಮಯವಿದೆ. ಕೆಲಸಕ್ಕೆ ಹೋಗುವವರೂ ಹೊರಡುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡರೆ ಸಾಕು. ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಹಾಕಿ. ಸಂಜೆ ತೆಗೆದು ಕಟ್ಟಿದರೆ ಆಮೇಲೆ ನಿಧಾನಕ್ಕೆ ಅರಳುತ್ತದೆ.

ಇದರಲ್ಲೇ ಸುತ್ತು ಮಲ್ಲಿಗೆ ಅಂತ ಇನ್ನೊಂದಿದೆ. ಪದರದ ಮೇಲೆ ಪದರ, ಪುಟ್ಟ ಗುಲಾಬಿ ಹಾಗೆ ಕಾಣುತ್ತದೆ. ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕತೆ ಕೇಳಿ ಬೆಳೆದವರಿಗೆ ಏಳು ಸುತ್ತಿನ ಮಲ್ಲಿಗೆ ಕಂಡರೆ ಮನಸ್ಸು ತಡೆಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಇದು ನಿಧಾನವಾಗಿ ಬೆಳೆಯುವ ಗಿಡ, ಹೂ ಕಡಿಮೆ, ಮೊಗ್ಗು ಭಾರವಾದ್ದರಿಂದ ಮಾಲೆಗೂ ಅಷ್ಟಾಗಿ ಒಗ್ಗುವುದಿಲ್ಲ. ದೇವರ ಮುಂದೆ ಒಂದೆರಡು ಇಡಲು, ಬಟ್ಟಲ ನೀರಲ್ಲಿ ತೇಲಿಬಿಡಲು ಚೆಂದ. ಎರಡನೇ ಗಿಡವಾಗಿ ತನ್ನಿ, ಮೊದಲನೆಯದಾಗಿ ಬೇಡ.

ಉಡುಪಿ ಮಲ್ಲಿಗೆ

ಶಂಕರಪುರ ಮಲ್ಲಿಗೆ ಅಂದರೂ ಇದೇ. ದುಂಡು ಮಲ್ಲಿಗೆಯ ಜಾತಿಗೇ ಸೇರಿದ್ದು, ಆದರೆ ಹೂ ಚಿಕ್ಕದು, ಪರಿಮಳ ನವಿರು. ಕರಾವಳಿಯಲ್ಲಿ ಇದು ತೋಟದ ಬೆಳೆ ಅನ್ನುವುದಕ್ಕಿಂತ ಅಂಗಳದ ಬೆಳೆ. ಹತ್ತಿಪ್ಪತ್ತು ಗಿಡ ಇಟ್ಟುಕೊಂಡ ಮನೆಗಳೇ ಜಾಸ್ತಿ. ಬೆಳಕು ಹರಿಯುವ ಮೊದಲೇ ಮನೆಮಂದಿಯೆಲ್ಲ ಗಿಡದ ಬುಡದಲ್ಲಿರುತ್ತಾರೆ. ಬಾಳೆ ನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅವತ್ತಿನ ದರ ಅವತ್ತೇ ನಿಗದಿಯಾಗುತ್ತದೆ. ಮದುವೆ, ದೇವಿಯ ಪೂಜೆ, ದೈವದ ಕೋಲ ಇದ್ದ ದಿನಗಳಲ್ಲಿ ದರ ಎಲ್ಲಿಂದ ಎಲ್ಲಿಗೋ ಏರುತ್ತದೆ.

ನೀವು ಉಡುಪಿ, ದಕ್ಷಿಣ ಕನ್ನಡದವರಾದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ಅಲ್ಲಿನ ಕೆಂಪು ಮಣ್ಣು, ಹಬೆಯಂಥ ಹವೆ, ಎರಡೂ ಇದಕ್ಕೆ ಹೊಂದಿಕೊಂಡಿದೆ. ಸಸಿಯೂ ಗೊತ್ತಿರುವವರ ಮನೆಯಲ್ಲೇ ಸಿಗುತ್ತದೆ, ಹೇಗೆ ಸವರಬೇಕು, ಅಂದರೆ ಕೊಂಬೆ ಕತ್ತರಿಸಬೇಕು ಅಂತ ಹೇಳಿಕೊಡುವವರೂ ಪಕ್ಕದಲ್ಲೇ ಇರುತ್ತಾರೆ.

ಬಯಲುಸೀಮೆಯಲ್ಲಿ ಬೆಳೆಯಬಹುದೇ? ಬೆಳೆಯಬಹುದು, ನಮ್ಮಲ್ಲಿದೆ. ಆದರೆ ಆರೈಕೆ ಜಾಸ್ತಿ. ನಮ್ಮ ಬೋರ್‌ವೆಲ್ ನೀರು ಗಡಸು. ಎರಡನೇ ವರ್ಷ ಹೊಸ ಎಲೆಗಳೆಲ್ಲ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು. ರೋಗ ಅಂದುಕೊಂಡು ಅದಕ್ಕೆ ಏನೇನೋ ಹೊಡೆದೆ. ಅದು ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿದ ಮೇಲೆ ಹೊಸ ಚಿಗುರು ಹಸಿರಾಗಿ ಬಂತು. ಈಗ ಮಳೆ ನೀರು ಹಿಡಿದಿಟ್ಟು ಸಾಧ್ಯವಾದಷ್ಟು ಅದನ್ನೇ ಹಾಕುತ್ತೇನೆ. ಯಾವ ಮಲ್ಲಿಗೆಗಾದರೂ ಇದು ಬರಬಹುದು, ನಮ್ಮಲ್ಲಿ ಮೊದಲು ಸೊರಗಿದ್ದು ಉಡುಪಿಯದು.

ಕೀಳುವ ಕೆಲಸವೂ ಹೆಚ್ಚು. ಮೊಗ್ಗು ಚಿಕ್ಕದಾದ್ದರಿಂದ ಒಂದು ಮೊಳಕ್ಕೆ ಇನ್ನೂ ಹೆಚ್ಚು ಬೇಕು. ಬೆಳಗ್ಗೆ ಅರ್ಧ ಗಂಟೆ ಕೂತು ಕೀಳುವ, ಕೂತು ಕಟ್ಟುವ ತಾಳ್ಮೆ ಇರುವ ಮನೆಗೆ ಇದು. ಅತ್ತೆಗೆ ಆ ಅರ್ಧ ಗಂಟೆ ದಿನದ ಬಹಳ ಖುಷಿಯ ಹೊತ್ತು. ಎಲ್ಲರಿಗೂ ಹಾಗಿರಬೇಕು ಅಂತೇನಿಲ್ಲ.

ಹೆಸರಿನ ವಿಷಯ

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಇದರ ಅರ್ಥವನ್ನು ಕೊಳ್ಳುವವರು ತಿಳಿದಿರಬೇಕು. ಆ ಹೆಸರು ಆ ಊರಿನ ಮಣ್ಣಲ್ಲಿ, ಆ ಹವೆಯಲ್ಲಿ ಬೆಳೆದ ಹೂವಿಗೆ ಸೇರಿದ್ದು. ಮೈಸೂರು, ಶ್ರೀರಂಗಪಟ್ಟಣದ ಸುತ್ತ ಬೆಳೆದಾಗ ಬರುವ ಗುಣ ಅದೇ ಕಡ್ಡಿಯನ್ನು ಧಾರವಾಡದಲ್ಲಿ ನೆಟ್ಟರೆ ಹಾಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮೈಸೂರಿನ ಸುತ್ತ ಹೂವಿನ ಜಮೀನುಗಳೇ ಲೇಔಟ್ ಆಗುತ್ತಾ ಬಂದವು, ಅದನ್ನು ಕಣ್ಣಾರೆ ನೋಡಿದವಳು ನಾನು, ಅದರ ನೋವೂ ಇದೆ. ಹಾಗಂತ ಬೇರೆ ಊರಿನ ನರ್ಸರಿಯಲ್ಲಿ ಬರೀ ಹೆಸರಿನ ಚೀಟಿ ನೋಡಿ ಮೂರು ಪಟ್ಟು ದುಡ್ಡು ಕೊಡಬೇಡಿ. ನಿಮ್ಮ ಊರಲ್ಲಿ ಯಾರ ಮನೆಯಲ್ಲಿ ಮಲ್ಲಿಗೆ ಚೆನ್ನಾಗಿ ಹೂ ಬಿಡುತ್ತಿದೆಯೋ ಅವರ ಹತ್ತಿರ ಕಡ್ಡಿ ಕೇಳಿ. ಆ ಮಣ್ಣಿಗೆ, ಆ ನೀರಿಗೆ ಒಗ್ಗಿದ ಗಿಡ ಅದು.

ಗಿಡ ಕೊಳ್ಳುವಾಗ ಎಲೆ ನೋಡಿ. ಇದು ನಾನು ನಷ್ಟ ಮಾಡಿಕೊಂಡು ಕಲಿತ ಪಾಠ. ಒಂದು ನರ್ಸರಿಯಲ್ಲಿ ದುಂಡು ಮಲ್ಲಿಗೆ ಅಂತ ಕೊಟ್ಟದ್ದನ್ನು ಒಂದೂವರೆ ವರ್ಷ ಸಾಕಿದೆ, ಹೂ ಬಿಟ್ಟಾಗ ನೋಡಿದರೆ ಕಾಕಡ. ಹೂವಿಲ್ಲದ ಸಸಿಯಲ್ಲೂ ಗುರುತು ಹಿಡಿಯಬಹುದು. ದುಂಡು ಮಲ್ಲಿಗೆಯ ಎಲೆ ಒಂಟಿ, ಅಗಲ, ಹೊಳಪು. ಕಾಕಡದ ಎಲೆಯೂ ಒಂಟಿಯೇ, ಆದರೆ ಬೆರಳಾಡಿಸಿದರೆ ಎಲೆಯ ಹಿಂದೆ, ಎಳೆ ಕಡ್ಡಿಯ ಮೇಲೆ ಮೆತ್ತನೆಯ ರೋಮ ತಗಲುತ್ತದೆ. ಸೂಜಿ ಮಲ್ಲಿಗೆಯಲ್ಲಿ ದೊಡ್ಡ ಎಲೆಯ ಬುಡದಲ್ಲಿ ಎರಡೂ ಕಡೆ ಕಿವಿಯ ಹಾಗೆ ಎರಡು ಪುಟ್ಟ ಎಲೆಗಳಿರುತ್ತವೆ. ಜಾಜಿಯದು ಕರಿಬೇವಿನ ಹಾಗೆ ಒಂದೇ ಕಡ್ಡಿಗೆ ಜೋಡಿ ಜೋಡಿ ಎಲೆ, ತುದಿಯಲ್ಲೊಂದು ಸ್ವಲ್ಪ ದೊಡ್ಡದು. ಇಷ್ಟು ನೆನಪಿಟ್ಟುಕೊಂಡರೆ ಮೋಸ ಹೋಗುವುದಿಲ್ಲ.

ಸೂಜಿ ಮಲ್ಲಿಗೆ

ಹೆಸರೇ ಹೇಳುವ ಹಾಗೆ ಮೊಗ್ಗು ಸಣ್ಣ, ಚೂಪು. ಪರಿಮಳ ಗಾತ್ರಕ್ಕಿಂತ ಎಷ್ಟೋ ದೊಡ್ಡದು. ಒಂದು ಹಿಡಿ ಮೊಗ್ಗನ್ನು ಕೋಣೆಯಲ್ಲಿಟ್ಟರೆ ಸಾಕು. ಹೂವಿನ ಕಾಲ ಏಪ್ರಿಲ್ ಹೊತ್ತಿಗೆ ಶುರುವಾಗಿ ಮಳೆಗಾಲದೊಳಗೂ ಮುಂದುವರಿಯುತ್ತದೆ. ದುಂಡು ಮಲ್ಲಿಗೆ ಕೈಕೊಟ್ಟ ಶ್ರಾವಣದಲ್ಲಿ ನನಗೆ ಆಸರೆ ಇದೇ.

ತೊಂದರೆ ಒಂದೇ, ಬಿಡಿಸುವುದು ಮತ್ತು ಕಟ್ಟುವುದು. ಮೊಗ್ಗು ಬೆರಳ ಸಂದಿಯಿಂದ ಜಾರುತ್ತದೆ, ಕಣ್ಣು ಮಂಜಾದವರಿಗೆ ಕಷ್ಟ. ಬರೀ ಪೂಜೆಗೆ ಬಿಡಿ ಹೂ ಸಾಕು ಅನ್ನುವವರಿಗೆ ಆ ಚಿಂತೆ ಇಲ್ಲ. ಗಿಡ ಹರಡಿಕೊಂಡು ಬೆಳೆಯುತ್ತದೆ, ಸುತ್ತ ಒಂದೂವರೆ ಎರಡು ಮೀಟರ್ ಜಾಗ ಬೇಕು. ಕುಂಡದಲ್ಲಿ ಬೆಳೆಯುತ್ತದೆ, ಆದರೆ ದುಂಡು ಮಲ್ಲಿಗೆಯಷ್ಟು ಅಚ್ಚುಕಟ್ಟಾಗಿ ನಿಲ್ಲುವುದಿಲ್ಲ.

ಜಾಜಿ

ಇದರ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮೊಗ್ಗಿನ ಹೊರಮೈಗೆ ತೆಳು ಗುಲಾಬಿ ಬಣ್ಣ, ಅರಳಿದರೆ ಐದು ದಳದ ಬಿಳಿ ನಕ್ಷತ್ರ. ಅತ್ತರು, ಸುಗಂಧದ ಎಣ್ಣೆ ತೆಗೆಯಲು ಬಳಸುವ ಮುಖ್ಯ ಮಲ್ಲಿಗೆಗಳಲ್ಲಿ ಇದೂ ಒಂದು. ಬಾಯಿ ಹುಣ್ಣಾದರೆ ನಮ್ಮ ಅಜ್ಜಿ ಇದರ ಎಲೆ ಜಗಿಯಲು ಕೊಡುತ್ತಿದ್ದರು.

ಜಾಜಿ ರಾತ್ರಿ ಅರಳುತ್ತದೆ. ಬೆಳಗ್ಗೆ ಎದ್ದು ಹೋದರೆ ಅರಳಿದ ಹೂ ಇಬ್ಬನಿಯ ಜೊತೆ ಬಳ್ಳಿಯ ಮೇಲಿರುತ್ತದೆ, ಬಿಸಿಲು ಏರಿದರೆ ಉದುರುತ್ತದೆ. ಹಾಗಾಗಿ ಬೆಳಗಿನ ಪೂಜೆ ಇರುವ ಮನೆಗೆ ಜಾಜಿ ತುಂಬಾ ಹೊಂದುತ್ತದೆ. ಮುಡಿಯಬೇಕಾದರೆ ಅರಳುವ ಮೊದಲೇ, ಸಂಜೆ ನಾಲ್ಕೈದು ಗಂಟೆಗೆ ಮೊಗ್ಗು ಬಿಡಿಸಿ ಕಟ್ಟಬೇಕು. ಬೇಗ ಬಾಡುತ್ತದೆ, ಮಾರನೇ ದಿನಕ್ಕೆ ಉಳಿಯುವ ಹೂವಲ್ಲ.

ಕಾಲ ಮಳೆಗಾಲದಿಂದ ನವೆಂಬರ್‌ವರೆಗೆ. ಗೌರಿ-ಗಣೇಶ, ನವರಾತ್ರಿ, ದೀಪಾವಳಿ, ಇಷ್ಟೂ ಹಬ್ಬಕ್ಕೆ ಬಳ್ಳಿ ತುಂಬಿರುತ್ತದೆ.

ಈಗ ಬೆಲೆಯ ಲೆಕ್ಕ. ಜಾಜಿಗೆ ಹಬ್ಬಲು ಆಸರೆ ಬೇಕೇ ಬೇಕು. ಗೇಟಿನ ಮೇಲೆ ಕಬ್ಬಿಣದ ಕಮಾನು ಮಾಡಿಸಿದರೆ ಸಾವಿರಗಟ್ಟಲೆ ಹೋಗುತ್ತದೆ. ಬಿದಿರಿನ ಚಪ್ಪರ ಅಗ್ಗ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಕಾಂಪೌಂಡ್ ಗೋಡೆಗೆ ತಂತಿ ಎಳೆದು ಹಬ್ಬಿಸುವುದು ಮಧ್ಯದ ದಾರಿ, ನಾನು ಮಾಡಿರುವುದು ಅದೇ. ಮಲಗುವ ಕೋಣೆಯ ಕಿಟಕಿಗೆ ತಾಗಿಸಿ ಹಬ್ಬಿಸಬೇಡಿ. ಸುಗ್ಗಿಯ ದಿನಗಳಲ್ಲಿ ಆ ಪರಿಮಳಕ್ಕೆ ಕೆಲವರಿಗೆ ತಲೆನೋವು ಬರುತ್ತದೆ. ಬಾಲ್ಕನಿಯವರು ಇದನ್ನು ಮರೆಯುವುದೇ ಮೇಲು.

ಕಾಕಡ

ಪರಿಮಳ ಕಡಿಮೆ ಅಂತ ಇದನ್ನು ಕಡೆಗಣಿಸುವವರೇ ಹೆಚ್ಚು. ನಾನೂ ಹಾಗೇ ಅಂದುಕೊಂಡಿದ್ದೆ. ಆ ನರ್ಸರಿಯವರು ತಪ್ಪಿ ಕೊಟ್ಟ ಗಿಡವನ್ನು ಕೀಳದೆ ಉಳಿಸಿಕೊಂಡದ್ದಕ್ಕೆ ಈಗ ಖುಷಿ ಇದೆ. ಡಿಸೆಂಬರ್-ಜನವರಿಯಲ್ಲಿ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೈಗೆಟುಕದ ಬೆಲೆಗೆ ಹೋದಾಗ ಮನೆಯಲ್ಲಿ ಬೆಳ್ಳಗೆ ಹೂ ಬಿಟ್ಟಿರುವುದು ಇದೊಂದೇ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವ ಮಕ್ಕಳ ಜಡೆಗೆ ನಾನು ಹಾಕುವುದು ಕಾಕಡವೇ, ನಡುನಡುವೆ ಕನಕಾಂಬರ ಸೇರಿಸಿ ಕಟ್ಟುತ್ತೇನೆ.

ಗಟ್ಟಿ ಗಿಡ. ಎರಡು ದಿನ ನೀರು ತಪ್ಪಿದರೂ ತಡೆಯುತ್ತದೆ. ಹೂ ಬೇಗ ಬಾಡುವುದಿಲ್ಲ, ಅರಳಿದ್ದೂ ಗಿಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಊರಿಗೆ ಹೋಗಿ ಬರುವವರು, ದಿನವೂ ಗಿಡದ ಹತ್ತಿರ ಹೋಗಲಾಗದವರು ಇದನ್ನು ಹಾಕಿಕೊಳ್ಳಿ. ಸೊಗಸಾಗಿ ಮಾಲೆ ಕಟ್ಟಬಹುದು. ಪರಿಮಳಕ್ಕಾಗಿಯೇ ಮಲ್ಲಿಗೆ ಬೇಕು ಅನ್ನುವವರಿಗೆ ಮಾತ್ರ ನಿರಾಸೆಯಾಗುತ್ತದೆ.

ಯಾವುದೂ ಆಗುವುದಿಲ್ಲ ಅನ್ನುವವರಿಗೆ

ಸಂಜೆ ಮಲ್ಲಿಗೆ. ಹೆಸರಲ್ಲಿ ಮಲ್ಲಿಗೆ ಇದ್ದರೂ ಕುಲವೇ ಬೇರೆ, ಆಕಾಶ ಮಲ್ಲಿಗೆಯ ಹಾಗೆ. ಗುಲಾಬಿ, ಹಳದಿ, ಬಿಳಿ, ಒಂದೇ ಹೂವಲ್ಲಿ ಎರಡು ಬಣ್ಣ, ಹೀಗೆಲ್ಲ ಬರುತ್ತದೆ. ಸಂಜೆ ನಾಲ್ಕರ ಮೇಲೆ ಅರಳುತ್ತದೆ. ಮೆಣಸಿನ ಕಾಳಿನಂಥ ಕರಿ ಬೀಜ ಬಿದ್ದಲ್ಲೇ ಹುಟ್ಟುತ್ತದೆ, ನೆಲದೊಳಗೆ ಗೆಡ್ಡೆ ಇರುವುದರಿಂದ ಒಣಗಿದಂತೆ ಕಂಡರೂ ಮಳೆ ಬಿದ್ದಾಗ ಚಿಗುರುತ್ತದೆ. ಖರ್ಚು ಸೊನ್ನೆ, ಸವರುವ ಕೆಲಸವಿಲ್ಲ. ಬೀಜ ಮತ್ತು ಬೇರು ವಿಷದ್ದು, ಅಂಬೆಗಾಲಿಡುವ ಮಕ್ಕಳಿದ್ದರೆ ಹುಷಾರು.

ಆ ನಾಲ್ಕು ಜನಕ್ಕೆ ಹೇಳಿದ್ದು

ಬೆಂಗಳೂರಿನವಳ ಬಾಲ್ಕನಿ ಪೂರ್ವಕ್ಕಿದೆ. ಅವಳು ಬಿಸಿಲನ್ನು ಬರೆದಿಟ್ಟು ನೋಡಿದಾಗ ನಾಲ್ಕು ಗಂಟೆಯೂ ಬರುತ್ತಿರಲಿಲ್ಲ. ಅಲ್ಲಿ ಯಾವ ಮಲ್ಲಿಗೆ ಇಟ್ಟರೂ ಸುಮ್ನೆ ಎಲೆ ಸಾಕಿದ ಹಾಗೆ. ಟೆರೇಸಿನಲ್ಲಿ ಒಂದು ಕುಂಡ ಇಡಲು ಅಸೋಸಿಯೇಷನ್ ಒಪ್ಪುತ್ತದೆಯೇ ಕೇಳು ಅಂದೆ, ಒಪ್ಪಿದರು. ಅಲ್ಲಿಗೆ ದಿನಾ ಬೆಳಗ್ಗೆ ವಾಕಿಂಗ್‌ಗೆ ಹೋಗುತ್ತಾಳೆ, ಅದೇ ಹೊತ್ತಿಗೆ ಮೊಗ್ಗು ಬಿಡಿಸಬಹುದು. ದುಂಡು ಮಲ್ಲಿಗೆ, 16 ಇಂಚಿನ ಕುಂಡ. 12 ಇಂಚಿನದರಲ್ಲೂ ಬದುಕುತ್ತದೆ, ಆದರೆ ಎರಡನೇ ವರ್ಷಕ್ಕೇ ಬೇರು ಸುತ್ತಿಕೊಂಡು ಹೂ ಕಡಿಮೆಯಾಗುತ್ತದೆ. ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು.

ಹುಬ್ಬಳ್ಳಿಯ ಗೆಳತಿಗೆ ಎರಡು ತೊಡಕು. ಮನೆ ಬಾಡಿಗೆಯದು, ಅಂಗಳದಲ್ಲಿರುವುದು ಎರೆ ಮಣ್ಣು. ಅಂಟು ಮಣ್ಣಲ್ಲಿ ನೀರು ನಿಂತರೆ ಮಲ್ಲಿಗೆ ಎಲೆಯನ್ನೇ ಬೆಳೆಸುತ್ತದೆ, ಹೂ ಬಿಡುವುದಿಲ್ಲ. ಹಾಗಾಗಿ ಗ್ರೋ ಬ್ಯಾಗ್ ತಗೋ ಅಂದೆ. ಅಗ್ಗ, ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದು. ಅವಳು ಮನೆಗೆ ಬರುವುದೇ ರಾತ್ರಿ ಎಂಟಕ್ಕೆ, ಬೆಳಗ್ಗೆ ಮಗನ ಸ್ಕೂಲ್ ಬಸ್ಸು. ಅವಳಿಗೆ ಕಾಕಡ. ಭಾನುವಾರ ಕೂತು ಕಟ್ಟಬಹುದು, ಉಳಿದ ದಿನ ನೋಡಿಕೊಂಡು ಖುಷಿ ಪಡಬಹುದು.

ಮೇಷ್ಟ್ರಿಗೆ ಜಾಗವಿದೆ, ಸಮಯವಿದೆ, ಮನೆಯಾಕೆ ದಿನಾ ಎರಡು ಹೊತ್ತು ಪೂಜೆ ಮಾಡುತ್ತಾರೆ. ಅವರಿಗೆ ಒಂದರ ಬದಲು ಮೂರು ಹೇಳಿದೆ. ಗೋಡೆಗೆ ಜಾಜಿ, ದಕ್ಷಿಣದ ಬದಿಗೆ ಎರಡು ದುಂಡು ಮಲ್ಲಿಗೆ, ಮೂಲೆಗೊಂದು ಕಾಕಡ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರಕ್ಕೂ ಹೂವಾಯಿತು. ಮಲ್ಲಿಗೆ ಹಾಕಿದರೆ ಹಾವು ಬರುತ್ತದಂತೆ ಅಂತ ಅವರ ಮನೆಯಾಕೆಗೆ ಭಯವಿತ್ತು. ಹೂವಿನ ವಾಸನೆಗೆ ಹಾವು ಬರುವುದಿಲ್ಲ. ಬುಡದಲ್ಲಿ ಒಣಗಿದೆಲೆ, ಪೊದೆ ಬಿಟ್ಟರೆ ಅಲ್ಲಿ ಕಪ್ಪೆ, ಇಲಿ ಸೇರುತ್ತವೆ, ಅವನ್ನು ಹುಡುಕಿಕೊಂಡು ಬರಬಹುದು. ಗಿಡದ ಬುಡ ಒಂದು ಮೊಳ ಎತ್ತರದವರೆಗೆ ಬಯಲಾಗಿರಲಿ, ಗುಡಿಸಿ ಚೊಕ್ಕಟವಾಗಿಡಿ.

ನ್ಯೂಜೆರ್ಸಿಯವಳಿಗೆ ಸಮಸ್ಯೆ ಚಳಿ. ಹಿಮ ಬಿದ್ದರೆ ದುಂಡು ಮಲ್ಲಿಗೆ ಉಳಿಯುವುದಿಲ್ಲ. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮೊದಲೇ ಒಳಗೆ ತರಬೇಕು, ದಕ್ಷಿಣದ ಕಿಟಕಿಯ ಹತ್ತಿರ ಇಡಬೇಕು. ಹಾಗಾಗಿ ಎತ್ತಲು ಆಗುವಷ್ಟೇ ದೊಡ್ಡ ಕುಂಡ. ಅಲ್ಲಿ ದುಂಡು ಮಲ್ಲಿಗೆಯನ್ನು ಅರೇಬಿಯನ್ ಜಾಸ್ಮಿನ್ ಅಂತ ಮಾರುತ್ತಾರೆ. ಮೇಡ್ ಆಫ್ ಆರ್ಲಿಯನ್ಸ್ ಅನ್ನುವ ತಳಿ ಕೇಳು ಅಂದೆ, ಅದು ಚೆನ್ನಾಗಿ ಹೂ ಬಿಡುತ್ತದೆ. ನಮ್ಮ ಸುತ್ತು ಮಲ್ಲಿಗೆಗೆ ಅಲ್ಲಿ ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ ಅಂತ ಹೆಸರು.

ಸವರುವುದು ಮರೆಯಬೇಡಿ

ಗಿಡ ಹಾಕಿ ಮೂರು ವರ್ಷವಾಯಿತು, ಹೂವೇ ಇಲ್ಲ ಅನ್ನುವವರಲ್ಲಿ ಹೆಚ್ಚಿನವರು ಒಮ್ಮೆಯೂ ಕತ್ತರಿ ಹಾಕಿರುವುದಿಲ್ಲ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆ ಕಡ್ಡಿ ಉಳಿಸಿಕೊಂಡಷ್ಟೂ ಹೂ ಕಡಿಮೆ.

ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಗೆ, ಕಾರ್ತಿಕ ಮುಗಿಯುವ ಹೊತ್ತಿಗೆ ಸವರುತ್ತೇನೆ. ಅದಕ್ಕೂ ವಾರ ಮೊದಲು ನೀರು ನಿಲ್ಲಿಸುತ್ತೇನೆ. ನೆಲದಿಂದ ಒಂದೂವರೆ ಅಡಿ ಉಳಿಸಿ ಮೇಲಿನದನ್ನೆಲ್ಲ ಕತ್ತರಿಸಿ, ಉಳಿದ ಎಲೆಯನ್ನೂ ಕೈಯಿಂದ ತರಿದು ಹಾಕುತ್ತೇನೆ. ನೋಡಿದವರಿಗೆ ಕರುಳು ಚುರುಕ್ ಅನ್ನುತ್ತದೆ, ಆದರೆ ಗಿಡಕ್ಕೆ ಅದೇ ಬೇಕು. ಜಾಜಿಗೆ ಡಿಸೆಂಬರ್ ಕೊನೆ, ಸೂಜಿ ಮಲ್ಲಿಗೆಗೆ ಜನವರಿ ಕೊನೆ, ಕಾಕಡಕ್ಕೆ ಚಳಿಗಾಲದ ಹೂ ಮುಗಿದ ಮೇಲೆ.

ಸವರಿದ ಮೇಲೆ ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ, ಜೊತೆಗೆ ಕಡಲೆಕಾಯಿ ಹಿಂಡಿ. ಹಿಂಡಿಯನ್ನು ಮೂರು ದಿನ ನೀರಲ್ಲಿ ನೆನೆಸಿ ತೆಳುಮಾಡಿ ಹಾಕಿ. ಯೂರಿಯಾ ಸುರಿದರೆ ಎಲೆ ಬರುತ್ತದೆ, ಅಷ್ಟೇ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಒಣಗುತ್ತಿದ್ದರೆ ಒಳಗೆ ಹುಳು ಇದೆ ಅಂತ ತಿಳಿಯಿರಿ. ಅಂಥ ಮೊಗ್ಗನ್ನೆಲ್ಲ ಕಿತ್ತು ದೂರ ಹಾಕಿ, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಎರಡು ಹನಿ ಸೋಪಿನ ದ್ರವದ ಜೊತೆ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಹೂ ಮುಡಿಯುವ ಗಿಡ, ಮಕ್ಕಳು ಮೂಸುವ ಗಿಡ, ಅದಕ್ಕೆ ಘಾಟು ಔಷಧಿ ಬೇಡ ಅಲ್ವಾ.

ಕಡ್ಡಿಯಿಂದ ಬೆಳೆಸುವವರು ಮಳೆಗಾಲದ ಆರಂಭದಲ್ಲಿ ಮಾಡಿ. ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಕಡ್ಡಿ, ಒಂದು ಗೇಣು ಉದ್ದ, ಮೂರು ನಾಲ್ಕು ಗೆಣ್ಣು ಇರಲಿ. ಎರಡು ಗೆಣ್ಣು ಮಣ್ಣೊಳಗೆ. ನೆರಳಲ್ಲಿಟ್ಟು ಹಸಿ ಆರದ ಹಾಗೆ ನೋಡಿಕೊಳ್ಳಿ, ಹೊಸ ಎಲೆ ಬಂತು ಅಂತ ಎಳೆದು ನೋಡಬೇಡಿ, ಬೇರು ಇನ್ನೂ ಬಂದಿರುವುದಿಲ್ಲ. ಇನ್ನೂ ಖಚಿತವಾದ ದಾರಿ ಅಂದರೆ ತಾಯಿ ಗಿಡದ ಒಂದು ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ತಾಗುವ ಜಾಗದಲ್ಲಿ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಇಡುವುದು. ಎರಡು ಮೂರು ತಿಂಗಳಿಗೆ ಅಲ್ಲೇ ಬೇರು ಬಿಡುತ್ತದೆ, ಆಮೇಲೆ ಕತ್ತರಿಸಿ ಬೇರೆಡೆ ನೆಡಬಹುದು. ಮೇಷ್ಟ್ರ ಮನೆಗೆ ಎರಡು ದುಂಡು ಮಲ್ಲಿಗೆ ಬೇಕಲ್ಲ, ನಮ್ಮ ಹಳೆಯ ಗಿಡದ ಎರಡು ಕೊಂಬೆಯನ್ನು ಹೋದ ವಾರ ಬಗ್ಗಿಸಿ ಕಲ್ಲು ಇಟ್ಟಿದ್ದೇನೆ.